ಒಡೆದ ಮಡಕೆಗಳ ಗೋಡೆ

ಹತ್ತಿರ ಬಂದು ಕೂತುಕೊಳ್ಳಿ, ಮಕ್ಕಳೇ. ಒಂದು ರಾಜ್ಯದಲ್ಲಿ ಒಬ್ಬ ದೊರೆ ಇದ್ದ. ಅವನಿಗೊಂದು ಕೋಟೆ. ಕೋಟೆಯ ಕೆಳಗೊಂದು ಕೇರಿ.

ಒಂದು ವರ್ಷ ಕೇರಿಗೆ ಮಾರಿಬೇನೆ ಬಂತು. ವೈದ್ಯರೆಲ್ಲ ಕೋಟೆಯೊಳಗೆ. ಜನ ಹೋಗಿ ಬಾಗಿಲು ಬಡಿದರು. ದೊರೆ ತೆಗೆಸಲಿಲ್ಲ. ಕೂಗಿ ಕರೆದರು. ತೆಗೆಸಲಿಲ್ಲ. ಹೆಣಗಳನ್ನೇ ತಂದು ಬಾಗಿಲ ಮುಂದೆ ಮಲಗಿಸಿದರು. ಆಗಲೂ ತೆಗೆಸಲಿಲ್ಲ.

ಆ ಸೀಮೆಯಲ್ಲಿ ಸಾವಾದ ಮನೆಯ ಮಡಕೆಗಳನ್ನು ಒಡೆದು ತಿಪ್ಪೆಗೆ ಹಾಕುವುದು ವಾಡಿಕೆ. ಆ ಚೂರುಗಳು ಮತ್ತೆ ಯಾವ ಮನೆಯ ಹೊಸಿಲನ್ನೂ ದಾಟಬಾರದು. ದಾಟಿದರೆ ಆ ಮನೆಗೆ ಸೂತಕ. ಬೇನೆ ಇಳಿಯುವ ಹೊತ್ತಿಗೆ ತಿಪ್ಪೆ ಗುಡ್ಡವಾಗಿತ್ತು.

ಸಂಕವ್ವ ಎಂಬ ಮುದುಕಿಗೆ ಇದ್ದವಳು ಒಬ್ಬಳೇ ಮಗಳು, ಹೊನ್ನಿ. ಅವಳೂ ಹೋದಳು. ಎಲ್ಲರ ಜೊತೆ ಒಂದೇ ಗುಂಡಿ. ಕಲ್ಲಿಲ್ಲ, ಗುರುತಿಲ್ಲ. ಹೊನ್ನಿ ನೀರು ತರುತ್ತಿದ್ದ ಕೊಡದ ಚೂರುಗಳನ್ನು ಮುದುಕಿ ತಿಪ್ಪೆಯಲ್ಲಿ ಹೆಕ್ಕಿದಳು. ಊರಾಚೆಯ ಮೋಟುಗೋಡೆಗೆ ಕೆಸರು ಮೆತ್ತಿ ಅಂಟಿಸಿದಳು. ಹೆಣ್ಣಿನ ಆಕಾರ ಬಂತು. ಅದನ್ನು ನೋಡಿ ಪಕ್ಕದ ಮನೆಯವಳು ಗಂಡನ ಅಂಬಲಿ ಗಡಿಗೆಯ ಚೂರು ತಂದಳು. ಆಮೇಲೆ ಇಡೀ ಕೇರಿ ಬಂತು. ಒಡೆದ ಬಳೆ ತಂದರು, ಮುರುಕು ಹೆಂಚು ತಂದರು. ಗೋಡೆಯ ತುಂಬ ಚೂರಿನ ಜನ ನಿಂತರು. ಎಲ್ಲರ ಮುಖವೂ ಗೋಡೆಯ ಮೇಲೇ ಚೂರಿನಲ್ಲಿ ಮಾಡಿದ ಒಂದು ಮುಚ್ಚಿದ ಬಾಗಿಲ ಕಡೆಗಿತ್ತು.

ಬೇಟೆಯಿಂದ ಬರುತ್ತಿದ್ದ ದೊರೆ ಅದನ್ನು ಕಂಡ. ಇಳಿಬಿಸಿಲಿಗೆ ಗೋಡೆ ಹೊಳೆಯುತ್ತಿತ್ತು.

"ಎಷ್ಟು ಚೆಂದ! ಮಗಳ ಮದುವೆಗೆ ಇದು ನಮ್ಮ ಚಾವಡಿಯಲ್ಲಿರಬೇಕು."

"ಬುದ್ಧಿ, ಅದು ಸಾವಿನ ಮನೆ ಮಡಕೆ," ಎಂದಳು ಸಂಕವ್ವ.

"ಕೇರಿಯ ಸೂತಕ ಕೋಟೆ ಹತ್ತೋದಿಲ್ಲ, ಮುದುಕಿ."

"ಆ ಗೋಡೆಯಲ್ಲಿ ನನ್ನ ಮಗಳಿದಾಳೆ."

"ಇರಲಿ ಬಿಡು. ನನ್ನ ಮಗಳ ಮದುವೆ ನೋಡ್ಲಿ."

ಮುದುಕಿ ಕೈ ಮುಗಿದಳು. "ಹಾಗಾದ್ರೆ ಒಂದು ಮಾತು ಕೊಡಿ. ನಾವು ದಿನಾ ಇಲ್ಲಿ ಬಂದು ಅಳ್ತೀವಿ. ಗೋಡೆ ಎಲ್ಲಿರ್ತದೋ ಅಲ್ಲಿಗೆ ಬಂದು ಅಳೋಕೆ ಬಿಡಿ."

ದೊರೆ ನಕ್ಕ. "ಅತ್ತುಕೋ ಹೋಗು. ಬಾಗಿಲು ತೆಗೆಸಿಡ್ತೀನಿ."

ಆಳುಗಳು ಗೋಡೆಯನ್ನು ಚಪ್ಪಡಿ ಚಪ್ಪಡಿಯಾಗಿ ಕೊರೆದು ಬಂಡಿಗೆ ಹೇರಿ ಒಯ್ದು ಚಾವಡಿಯಲ್ಲಿ ನಿಲ್ಲಿಸಿದರು.

ಮದುವೆಯ ಬೆಳಿಗ್ಗೆ ಕೇರಿ ಕೋಟೆ ಹತ್ತಿತು. ದೊರೆ ಕೊಟ್ಟ ಮಾತು, ಕಾವಲಿನವರು ತಡೆಯಲಿಲ್ಲ. ಹೆಂಗಸರು ಚಾವಡಿಯಲ್ಲಿ ಕೂತು ಸತ್ತವರ ಹೆಸರು ಹಿಡಿದು ಅತ್ತರು. ಅದನ್ನು ಕೇಳಿ ಪುರೋಹಿತ ದೀಪ ಹಚ್ಚಲಿಲ್ಲ. ಅಡಿಗೆಯವರು ಒಲೆ ಹೊತ್ತಿಸಲಿಲ್ಲ. ಗಂಡಿನ ತಂದೆ ಚಾವಡಿಯ ಹೊಸಿಲ ಆಚೆಗೇ ನಿಂತ.

"ಯಾರು ತೀರಿಕೊಂಡರಮ್ಮ?"

"ಇವರೆಲ್ಲ, ಸ್ವಾಮಿ." ಸಂಕವ್ವ ಗೋಡೆ ತೋರಿಸಿದಳು. "ಇದು ನನ್ನ ಹೊನ್ನಿಯ ಕೊಡ."

"ಮತ್ತೆ ಆ ಬಾಗಿಲು?"

"ನೀವು ಈಗ ದಾಟಿ ಬಂದ ಕೋಟೆ ಬಾಗಿಲು. ಬೇನೆ ಬಂದಾಗ ನಮಗೆ ಅದನ್ನ ತೆಗೆಸಲಿಲ್ಲ."

ಅವನು ದೊರೆಯ ಮುಖ ನೋಡಿದ. "ಈ ಮನೆಯ ಹೆಣ್ಣು ನಮಗೆ ಬೇಡ," ಎಂದ. ದಿಬ್ಬಣ ಹಿಂದಿರುಗಿತು.

"ಎಸೆಯಿರಿ ಅದನ್ನ!" ಎಂದು ದೊರೆ ಅರಚಿದ. ಆಳುಗಳು ಎಳೆದು ಹೊರಗೆ ಹಾಕಿದರು. ಕೇರಿಯವರು ಆಯ್ದುಕೊಂಡು ಹೋಗಿ ಗೋಡೆಯನ್ನು ಮತ್ತೆ ನಿಲ್ಲಿಸಿದರು. ಎಲ್ಲ ಚೂರೂ ಸಿಗಲಿಲ್ಲ. ಹೊನ್ನಿಯ ಮುಖವಿದ್ದ ಜಾಗ ಬರೀ ಮಣ್ಣಾಗಿ ಉಳಿಯಿತು. ಸಂಕವ್ವ ಅಲ್ಲಿ ಬೇರೆ ಚೂರು ಇಡಲಿಲ್ಲ. ಸಂಜೆ ಸಂಜೆ ಹೋಗಿ ಆ ಮಣ್ಣನ್ನೇ ಸವರಿ ಬರುತ್ತಿದ್ದಳು.

ನೆನಪಿಡಿ, ಮಕ್ಕಳೇ. ಬೇರೆಯವರ ದುಃಖವನ್ನು ಚೆಂದವೆಂದು ಕಿತ್ತು ಮನೆಗೆ ತಂದವನು ಅದರ ಅಳುವಿಗೂ ಮನೆಯಲ್ಲಿ ಜಾಗ ಕೊಡಬೇಕಾಗುತ್ತದೆ.