ಸಿಪ್ಪೆ ಬಿಡದ ಕಿತ್ತಳೆ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ದೀಪಾವಳಿ ಮುಗಿದ ಮರುವಾರ, ಒಂದು ಗುರುವಾರ. ಊರೂರು ಅಲೆದು ಕೊನೆಗೆ ಒಂದು ಮಠದ ಗುರುಗಳ ಹತ್ತಿರ ಬಂದು ಕೂತಾಗ ನಾನು ಕೇಳಿದ್ದು ಒಂದೇ ಪ್ರಶ್ನೆ.

“ಸ್ವಾಮಿ, ನಮ್ಮಣ್ಣ ದರ್ಜಿ. ಅವನ ಕಣ್ಣು ಹೋಗುತ್ತಿದೆ. ಯಾರಿಗೂ ಹೇಳದೆ ಮುಚ್ಚಿಡುತ್ತಾನೆ. ನನಗೆ ಗೊತ್ತಾಯಿತು. ಕೇಳಿದರೆ ನಾಚಿಕೊಂಡಾನು ಎಂದು ಕೇಳದೆ ಹೊರಟು ಬಂದೆ. ಇದು ದಯೆಯೇ, ಅಲ್ಲವೇ?”

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳಿದರು.

ಒಂದು ಊರು. ಅಲ್ಲಿ ಮನೆಗೊಂದು ಕಿತ್ತಳೆ ಮರ. ಹಳೆಯ ತಳಿ. ಹೆಬ್ಬೆರಳು ಒತ್ತಿದರೆ ಸಾಕು, ಹಣ್ಣಿನ ಸಿಪ್ಪೆ ತಾನಾಗಿ ಕಳಚಿಕೊಳ್ಳುತ್ತಿತ್ತು. ಸುತ್ತಲಿನ ಊರುಗಳಲ್ಲಿ ಜನ ಆ ಮರ ಕಡಿದು ಪೇಟೆಗೆ ಬೇಕಾದ, ಗಟ್ಟಿ ಸಿಪ್ಪೆಯ ಹೊಸ ತಳಿ ನೆಟ್ಟರು. ಈ ಊರಿನವರು ಮಾತ್ರ ಕೂತು ಮಾತಾಡಿ ಒಂದು ಕಟ್ಟುಪಾಡು ಮಾಡಿಕೊಂಡರು. ಕೊಯ್ಲಿನ ದಿನ ಎಲ್ಲರೂ ತಮ್ಮ ಮರದ ಹಣ್ಣನ್ನು ಬಾವಿಕಟ್ಟೆಗೆ ತಂದು ಒಂದೇ ರಾಶಿಗೆ ಸುರಿಯಬೇಕು; ಕಡಿಮೆಯೆಂದರೆ ಒಂದು ಬುಟ್ಟಿ. ರಾಶಿಯಿಂದ ಎಲ್ಲರಿಗೂ ಸಮಪಾಲು. ಬುಟ್ಟಿ ತರದವರಿಗೆ ಪಾಲಿಲ್ಲ. ಹೀಗೆ ಮರಗಳು ಉಳಿದವು.

ಊರ ಕೊನೆಯ ಮನೆಯಲ್ಲಿ ವಿಧವೆಯೊಬ್ಬಳು ಒಂಟಿಯಾಗಿದ್ದಳು. ಒಂದು ವರ್ಷ ಅವಳ ಹಿತ್ತಿಲ ಮರದ ಎಲೆ ಹಳದಿಯಾಯಿತು. ಕಾಯಿಗಳು ಗೋಲಿಯಷ್ಟಾಗಿ ಉದುರಿದವು. ಕೊಯ್ಲಿನ ಹಿಂದಿನ ದಿನ ಅವಳು ಪೇಟೆಗೆ ನಡೆದು, ಅಲ್ಲಿಯ ಹಣ್ಣು ಕೊಂಡು ಬುಟ್ಟಿ ತುಂಬಿಸಿ ಕಟ್ಟೆಗೆ ತಂದಳು.

ಹಂಚುವಾಗ ಆ ಹಣ್ಣೊಂದು ಒಬ್ಬ ರೈತನ ಪಾಲಿಗೆ ಬಂತು. ಎಷ್ಟು ಒತ್ತಿದರೂ ಸಿಪ್ಪೆ ಬಿಡಲಿಲ್ಲ.

“ಏನು ಮಾವ, ಉಗುರು ಸವೆದುಹೋಯಿತೇ? ಅತ್ತೆ ಪಾತ್ರೆ ತಿಕ್ಕಿಸುತ್ತಾಳೇನು?” ಎಂದು ಪಕ್ಕದವನು ಕೆಣಕಿದ.

ರೈತ ವಿಧವೆಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದ್ದಳು.

“ಹೌದು ಮಾರಾಯ, ಎರಡು ಹೊತ್ತೂ ತಿಕ್ಕಿಸುತ್ತಾಳೆ” ಎಂದು ನಕ್ಕು, ಅವನು ಹಣ್ಣನ್ನು ಹಲ್ಲಿನಿಂದ ಕಚ್ಚಿ ಸುಲಿದ.

ಅವಳ ಮರ ಫಲ ಬಿಟ್ಟಿಲ್ಲ, ಇದು ಪೇಟೆಯ ಹಣ್ಣು ಎಂದು ಪಕ್ಕದವನಿಗೂ ತಿಳಿಯಿತು. ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ಪಾಪ, ಒಂಟಿ ಹೆಂಗಸು, ಮುಖಕ್ಕೆ ಹೊಡೆದ ಹಾಗೆ ಕೇಳುವುದು ಬೇಡ ಎಂದು ಎಲ್ಲರೂ ಸುಮ್ಮನಾದರು. ಮೂರು ವರ್ಷ ಅವಳು ಪೇಟೆಯ ಹಣ್ಣು ತಂದಳು. ಮೂರು ವರ್ಷವೂ ಊರು ಅದನ್ನು ಹೊಗಳಿ ತಿಂದಿತು.

ನಾಲ್ಕನೆಯ ವರ್ಷ ರೈತನ ಮರ ಹಳದಿಯಾಯಿತು. ಆಮೇಲೆ ಅವನ ಆಚೆ ಮನೆಯದು. ನೋಡನೋಡುತ್ತ ಹನ್ನೊಂದು ಮರ. ಆಗ ಜನ ವಿಧವೆಯ ಹಿತ್ತಿಲಿಗೆ ಓಡಿದರು. ಅವಳ ಮರ ಅರೆಜೀವವಾಗಿ ನಿಂತಿತ್ತು. ಉಳಿದ ಎಲೆಯ ತುಂಬ ರೋಗ ಹರಡುವ ಹುಳು.

“ಅಕ್ಕಾ, ಇಷ್ಟು ರೋಗ ಇಟ್ಟುಕೊಂಡು ಬಾಯಿ ಬಿಡಲಿಲ್ಲವಲ್ಲ!” ಎಂದ ರೈತ.

“ಮರ ಹೋಯಿತೆಂದರೆ ಬುಟ್ಟಿ ಇಲ್ಲ. ಬುಟ್ಟಿ ಇಲ್ಲದವಳನ್ನು ಕಟ್ಟೆಗೆ ಯಾರು ಕರೆಯುತ್ತಿದ್ದರು? ನಾನು ನಾಲ್ಕು ಜನರ ಜೊತೆ ಕೂರುವುದು ವರ್ಷಕ್ಕೆ ಅದೊಂದು ದಿನ.”

“ನಾವು ಕರೆಯುತ್ತಿದ್ದೆವು. ಗೊತ್ತಿದ್ದೇ ಸುಮ್ಮನಿದ್ದೆವು.”

“ಗೊತ್ತಿತ್ತೇ?” ಎಂದಳು ಅವಳು. “ಕರೆಯುತ್ತೇವೆಂದು ನೀವು ಅಂದೇ ಬಾಯಿಬಿಟ್ಟು ಹೇಳಿದ್ದರೆ, ಮರ ಕಡಿಯಲು ಅಂದೇ ನಾನೇ ಕೊಡಲಿ ತಂದುಕೊಡುತ್ತಿದ್ದೆ.”

ಅವಳ ಮರದ ಜೊತೆ ಹನ್ನೊಂದು ಮರವನ್ನೂ ಕಡಿದು ಸುಟ್ಟರು. ಉಳಿದ ಮರಗಳಿಂದ ಸಸಿ ಮಾಡಿದರು. ಊರಿನ ಕಟ್ಟುಪಾಡನ್ನೂ ತಿದ್ದಿದರು: ಮರ ಕಳೆದುಕೊಂಡವರಿಗೆ, ಹೊಸ ಗಿಡ ಫಲ ಬಿಡುವ ತನಕ, ರಾಶಿಯ ಮೊದಲ ಪಾಲು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ನನಗೆ ಸಮಾಧಾನವಾಗಲಿಲ್ಲ.

“ಆದರೂ ಸ್ವಾಮಿ, ಆ ಜನ ಅವಳ ಮಾನ ಕಾಯ್ದರಲ್ಲ?”

“ಕಾಯ್ದರು ತಮ್ಮಾ, ಕಾಯುತ್ತ ಕಾಯುತ್ತ ಮೂರು ವರ್ಷ ಒಬ್ಬರೂ ಅವಳ ಹೊಸಿಲು ತುಳಿಯಲಿಲ್ಲ.”

“ಅಣ್ಣನ ಹತ್ತಿರ ಹೋಗುತ್ತೇನೆ ಸ್ವಾಮಿ” ಎಂದು ಎದ್ದೆ. ಪಂಚೆ ಹಾಸಿ, ಇದ್ದ ಎರಡು ಅಂಗಿ ಅದರಲ್ಲಿಟ್ಟು ಗಂಟು ಕಟ್ಟತೊಡಗಿದೆ.