ಹೆಣ್ಣು ನೋಡುವ ರಾಜ್ಯಶಾಸ್ತ್ರ

ತಿಪಟೂರಿನ ಚಂಪಕಾ ಬಿ.ಎ. ಕೊನೇ ವರ್ಷದಲ್ಲಿ ರಾಜ್ಯಶಾಸ್ತ್ರ ಓದುತ್ತಿರುವಾಗಲೇ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಇಟ್ಟರು. ಗಂಡು ತಲೆ ತಗ್ಗಿಸಿ ಕೂತಿದ್ದ. ಮಾತೆಲ್ಲ ಅವನ ದೊಡ್ಡಪ್ಪ ರುದ್ರಯ್ಯನವರದೇ. ಎರಡನೇ ಸಲ ಕೇಸರಿಬಾತು ಹಾಕಿಸಿಕೊಂಡು ಅವರು ಅಪ್ಪಣೆ ಕೊಡಿಸಿದರು.

"ಓದು ಇವತ್ತಿಗೇ ನಿಲ್ಲಬೇಕು. ನಮ್ಮನೆ ಸೊಸೆಗೆ ರಾಜ್ಯಶಾಸ್ತ್ರ ಯಾಕೆ? ಅಷ್ಟಕ್ಕೂ ಅದರಲ್ಲಿ ಏನು ಕಲಿತೆಯಮ್ಮ?"

ಸುಮ್ಮನಿರು ಅಂತ ಅಪ್ಪ ಕಣ್ಣಲ್ಲೇ ಬೇಡಿಕೊಂಡರು. ಚಂಪಕಾ ಕಾಫಿ ಲೋಟ ಮುಂದಿಟ್ಟು ಮೆತ್ತಗೆ ಹೇಳಿದಳು.

"ಹೆಚ್ಚೇನಿಲ್ಲ. ಓಟು ಕೇಳೋಕೆ ಯಾರೇ ಮನೆಗೆ ಬಂದರೂ ಕೂರಿಸಿ ಕಾಫಿ ಕೊಡಬೇಕು. ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕು. ಓಟು ಮಾತ್ರ ನಮ್ಮಿಷ್ಟ."

ರುದ್ರಯ್ಯನವರು ಹೌದೆನ್ನುವಂತೆ ಒಂದು ಗುಟುಕು ಕುಡಿದರು. ಆಮೇಲೆ ಕೈಯಲ್ಲಿದ್ದ ಲೋಟ ನೋಡಿದರು. ತಾವು ಕೂತಿದ್ದ ಕುರ್ಚಿ ನೋಡಿದರು. ಕಾಫಿ ನೆತ್ತಿಗೇರಿತು. ಗಂಡು ಮೊದಲ ಸಲ ತಲೆ ಎತ್ತಿ ನಕ್ಕ.

ದೊಡ್ಡಪ್ಪ ಶಲ್ಯ ಕೊಡವಿ ಎದ್ದರು. ಗಂಡಿನ ಕಡೆಯವರು ಎಲ್ಲ ಮನೆಯಲ್ಲೂ ಹೇಳುವ ಮಾತನ್ನೇ ಬಿಗಿಯಾಗಿ ಹೇಳಿದರು. "ಊರಿಗೆ ಹೋಗಿ ತಿಳಿಸ್ತೀವಿ."

ಚಂಪಕಾ ಕೈ ಮುಗಿದಳು.

"ಆಗಲಿ, ನೀವು ಊರಿಗೆ ಹೋಗಿ. ಪರೀಕ್ಷೆ ಮುಗಿದ ಮೇಲೆ ನಾವು ತಿಳಿಸ್ತೀವಿ."