ಕೇರೆಹಾವಿನ ಮುಲಾಮು

ಮಟಮಟ ಮಧ್ಯಾಹ್ನ ಕೆರೆಯ ಕೆಸರಲ್ಲಿ ಮಲಗಿದ್ದ ಎಮ್ಮೆಯ ಮುಂದೆ ಕೇರೆಹಾವು ಮುಲಾಮಿನ ಡಬ್ಬಿ ತಂದಿಟ್ಟಿತು.

"ಎಮ್ಮಕ್ಕ, ಈ ಕೆಸರಿನಿಂದಲೇ ನಿನ್ನ ಚರ್ಮ ಸುಕ್ಕುಗಟ್ಟಿರುವುದು. ನನ್ನ ಮೈ ನೋಡು, ಹೇಗೆ ಮಿರಿಮಿರಿ ಮಿಂಚುತ್ತಿದೆ! ಎಲ್ಲ ಈ ಮುಲಾಮಿನ ಮಹಿಮೆ."

ಎಮ್ಮೆಗೆ ಆಸೆಯಾಯಿತು. ಕೆಸರು ತೊಳೆದು, ಮುಲಾಮು ಬಳಿದುಕೊಂಡು ಬಿಸಿಲಲ್ಲಿ ನಿಂತಿತು. ಸಂಜೆಯೊಳಗೆ ಮೈಯೆಲ್ಲ ಉರಿದು ಚರ್ಮ ಸುಲಿಯತೊಡಗಿತು.

ಎಮ್ಮೆ ಬುಸುಗುಡುತ್ತಾ ಹೋಗಿ ಹಾವನ್ನು ಬೇಲಿಯ ಮೂಲೆಯಲ್ಲಿ ಅಡ್ಡಗಟ್ಟಿ, ತಂದಿದ್ದ ಡಬ್ಬಿಯನ್ನು ಅದರ ಮುಂದಿಟ್ಟಿತು.

"ಎಲಾ ಠಕ್ಕ, ಇದರಲ್ಲಿ ಏನು ಬೆರೆಸಿದ್ದೀಯ?"

"ಅದು ಗುಟ್ಟು."

"ಹಾಗಾದರೆ ನನ್ನ ಕಣ್ಣೆದುರೇ ನೀನೂ ಹಚ್ಚಿಕೋ!"

ಹಾವು ಹೌಹಾರಿತು. "ಅಯ್ಯೋ, ನನಗೇಕೆ? ನಾನು ಪೊರೆ ಬಿಟ್ಟು ಮಿಂಚುವವನು!"

ಎಮ್ಮೆ ಡಬ್ಬಿಯನ್ನು ತುಳಿದು ನುಚ್ಚುನೂರು ಮಾಡಿತು. "ನಿನ್ನ ಪೊರೆ ಕಳಚಿದ್ದು ಹುಟ್ಟುಗುಣದಿಂದ, ನನ್ನ ಚರ್ಮ ಸುಲಿದದ್ದು ನಿನ್ನ ಬಾಯಿಮಾತಿನಿಂದ!" ಎಂದು ಗುಡುಗಿ, ಮತ್ತೆ ಕೆಸರಿಗಿಳಿಯಿತು.